‘ಕೇಳು’ ಎಂಬುದಕ್ಕೆ ಇಂಗ್ಲಿಷ್‌ನಲ್ಲಿ ಯಾವ ಪದ? ಆಸ್ಕ್, ರಿಕ್ವೆಸ್ಟ್, ಡಿಮಾಂಡ್ ಮತ್ತು ಅವುಗಳ ನೆಂಟರು

ಕನ್ನಡದಲ್ಲಿ ‘ಕೇಳು’ ಬಹಳ ದುಡಿಯುವ ಪದ. ಹಾಡು ಕೇಳುತ್ತೇವೆ, ದಾರಿ ಕೇಳುತ್ತೇವೆ, ಸಾಲ ಕೇಳುತ್ತೇವೆ, ರಜೆ ಕೇಳುತ್ತೇವೆ. ಮಗ ಮಾತು ಕೇಳುವುದಿಲ್ಲ ಎಂದು ಕೊರಗುತ್ತೇವೆ. ಹೆಣ್ಣು ಕೇಳೋಕೆ ಹೋಗುತ್ತೇವೆ. ಆ ಸೈಟಿಗೆ ಎಷ್ಟು ಕೇಳ್ತಿದ್ದಾರಂತೆ ಎಂದು ವಿಚಾರಿಸುತ್ತೇವೆ. ಏಳು ಕಡೆಯೂ ಅದೇ ಧಾತು, ಯಾರಿಗೂ ಗೊಂದಲವಿಲ್ಲ. ಇಂಗ್ಲಿಷಿಗೆ ಹೋದರೆ ಇವುಗಳಲ್ಲಿ ಹಾಡು ‘ಲಿಸನ್ ಟು’, ದಾರಿ ‘ಆಸ್ಕ್’, ಸಾಲ ‘ಆಸ್ಕ್ ಫಾರ್’, ರಜೆ ‘ಅಪ್ಲೈ ಫಾರ್’, ಮಗನದು ‘ಒಬೇ’ ಅಥವಾ ‘ಲಿಸನ್’, ಹೆಣ್ಣು ಕೇಳುವುದು ಮದುವೆಯ ‘ಪ್ರಪೋಸಲ್’. ಸೈಟಿನ ಬೆಲೆಯಲ್ಲಿ ಮಾತ್ರ ಎರಡೂ ಭಾಷೆ ಒಂದೇ ರೀತಿ ಯೋಚಿಸುತ್ತವೆ: ಮಾರುವವನು ಕೇಳುವ ಬೆಲೆ ಅಲ್ಲೂ ‘ಆಸ್ಕಿಂಗ್ ಪ್ರೈಸ್’.

ಕೇಳುವುದಕ್ಕೆ ಸಂಬಂಧಿಸಿದ ಇಂಗ್ಲಿಷ್ ಪದಗಳಲ್ಲಿ ನಾವು ತಪ್ಪುವುದು ಅರ್ಥ ಗೊತ್ತಿಲ್ಲದೆ ಅಲ್ಲ. ‘ರಿಕ್ವೆಸ್ಟ್’ ಎಂದರೆ ವಿನಂತಿ, ‘ಡಿಮಾಂಡ್’ ಎಂದರೆ ಬೇಡಿಕೆ ಎಂದು ಹೈಸ್ಕೂಲಿನಲ್ಲೇ ಕಲಿತಿರುತ್ತೇವೆ. ತಪ್ಪುವುದು ಬೇರೆ ಕಾರಣಕ್ಕೆ. ಕನ್ನಡದಲ್ಲಿ ವಿನಯವೆಲ್ಲ ಕ್ರಿಯಾಪದದ ಬಾಲದಲ್ಲಿದೆ: ಕೊಡು, ಕೊಡಿ, ಕೊಡ್ತೀರಾ, ಕೊಡಬಹುದಾ, ಕೊಡೋಕಾಗುತ್ತಾ. ಧಾತು ಒಂದೇ, ಬಾಲ ಬದಲಾದಂತೆ ಮರ್ಯಾದೆ ಏರುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಆ ಬಾಲವಿಲ್ಲ. ಅಲ್ಲಿ ಮರ್ಯಾದೆ ಪದದ ಆಯ್ಕೆಯಲ್ಲೂ ವಾಕ್ಯ ಶುರುವಾಗುವ ರೀತಿಯಲ್ಲೂ ಇರುತ್ತದೆ. ‘ಒಂದು ಕಾಫಿ ಕೊಡಿ’ ಎಂಬುದು ನಮ್ಮ ಹೋಟೆಲಿನಲ್ಲಿ ಮರ್ಯಾದೆಯ ಮಾತೇ. ಅದನ್ನೇ ‘ಗಿವ್ ಮಿ ಒನ್ ಕಾಫಿ’ ಎಂದಾಗ ‘ಕೊಡಿ’ಯಲ್ಲಿದ್ದ ಬಹುವಚನದ ಗೌರವ ದಾರಿಯಲ್ಲೇ ಉದುರಿ ‘ಕೊಡು’ ಮಾತ್ರ ಉಳಿಯುತ್ತದೆ.

ಆದ್ದರಿಂದ ಪದ ಹುಡುಕುವ ಮೊದಲು ಮೂರು ಪ್ರಶ್ನೆಗೆ ಉತ್ತರ ಗೊತ್ತಿರಬೇಕು. ನಿಮಗೆ ಬರಬೇಕಾದದ್ದು ಏನು? ಅದರ ಮೇಲೆ ಹಕ್ಕು ಯಾರದು? ಆರಿಸಿದ ಪದದ ಬೆನ್ನಿಗೆ ಯಾವ ಜೋಡಣೆ ಬರುತ್ತದೆ?

ಹೆಜ್ಜೆ 1: ಬರಬೇಕಾದದ್ದು ಮಾಹಿತಿಯೋ, ವಸ್ತುವೋ, ಕೆಲಸವೋ?

‘ಆಸ್ಕ್’ ಮೂರಕ್ಕೂ ಒದಗುತ್ತದೆ, ಆದರೆ ಪ್ರತಿ ಸಲ ಬೇರೆ ವೇಷದಲ್ಲಿ. ಮಾಹಿತಿ ಬೇಕಾದರೆ ‘ಆಸ್ಕ್ ಹಿಮ್ ದ ಟೈಮ್’, ‘ಆಸ್ಕ್ ಹಿಮ್ ಅಬೌಟ್ ದ ಟ್ರೇನ್’. ವಸ್ತು ಬೇಕಾದರೆ ‘ಫಾರ್’ ಬೇಕೇ ಬೇಕು: ‘ಆಸ್ಕ್ ಹಿಮ್ ಫಾರ್ ದ ಕೀ’. ಕೆಲಸ ಆಗಬೇಕಾದರೆ ‘ಟು’: ‘ಆಸ್ಕ್ ಹಿಮ್ ಟು ಓಪನ್ ದ ಗೇಟ್’. ‘ಐ ಆಸ್ಕ್ಡ್ ದ ಬುಕ್’ ಎಂದರೆ ಪುಸ್ತಕಕ್ಕೇ ಪ್ರಶ್ನೆ ಹಾಕಿದಂತಾಗುತ್ತದೆ. ಕನ್ನಡದ ‘ಪುಸ್ತಕ ಕೇಳಿದೆ’ ನೇರವಾಗಿ ದಾಟಿ ಬಂದ ತಪ್ಪು ಅದು.

ಇನ್ನೊಂದು ತಪ್ಪು ಚತುರ್ಥಿ ವಿಭಕ್ತಿಯದು. ‘ಅವನಿಗೆ ಕೇಳು’ ಎಂದು ಅನೇಕ ಕಡೆ ಹೇಳುವುದರಿಂದ ‘ಆಸ್ಕ್ ಟು ಹಿಮ್’ ಬಾಯಿಗೆ ಬರುತ್ತದೆ. ‘ಆಸ್ಕ್’ ಮತ್ತು ವ್ಯಕ್ತಿಯ ನಡುವೆ ಏನೂ ಬರುವುದಿಲ್ಲ: ‘ಆಸ್ಕ್ ಹಿಮ್’. ಉಚ್ಚಾರಣೆಯಲ್ಲೂ ಒಂದು ಎಚ್ಚರಿಕೆ ಬೇಕು. ಭೂತಕಾಲದ ರೂಪ ‘ಆಸ್ಕೆಡ್’ ಅಲ್ಲ, ಒಂದೇ ಉಸಿರಿನ ‘ಆಸ್ಕ್ಡ್’. ವೇಗವಾಗಿ ಮಾತಾಡುವಾಗ ಇಂಗ್ಲಿಷರೇ ನಡುವಿನ ಕಕಾರವನ್ನು ನುಂಗಿ ‘ಆಸ್ಟ್’ ಅನ್ನುತ್ತಾರೆ.

ಮಾಹಿತಿಯನ್ನೇ ಕೇಳುವ ಪದಗಳು ಪ್ರತ್ಯೇಕವಾಗಿವೆ: ಎನ್‌ಕ್ವೈರ್, ಕ್ವೆಶ್ಚನ್, ಕ್ವೆರಿ, ಇಂಟರಾಗೇಟ್. ವಸ್ತು ಅಥವಾ ಕೆಲಸ ಕೇಳುವ ಪದಗಳು ಬೇರೆ: ರಿಕ್ವೆಸ್ಟ್, ಡಿಮಾಂಡ್, ಬೆಗ್, ಪ್ಲೀಡ್, ಅಪೀಲ್, ಅಪ್ಲೈ, ಸೀಕ್, ಸಾಲಿಸಿಟ್. ಈ ಎರಡು ಗುಂಪುಗಳನ್ನು ಬೆರೆಸಿದರೆ ‘ಐ ಎನ್‌ಕ್ವೈರ್ಡ್ ಹಿಮ್ ಟು ಕಮ್’ ಎಂಬಂಥ ವಾಕ್ಯ ಹುಟ್ಟುತ್ತದೆ. ಓದಿದವರಿಗೆ ಅರ್ಥವೇ ಆಗುವುದಿಲ್ಲ.

ಮಾಹಿತಿ ಕೇಳುವ ಗುಂಪು

‘ಎನ್‌ಕ್ವೈರ್’ ಅಂದರೆ ವಿಚಾರಿಸು. ‘ಆಸ್ಕ್’ಗಿಂತ ಸ್ವಲ್ಪ ಔಪಚಾರಿಕ. ಇದರ ಮುಂದೆ ವ್ಯಕ್ತಿಯನ್ನು ನೇರವಾಗಿ ಇಡುವಂತಿಲ್ಲ. ಮುಂದೆ ಯಾವ ಪುಟ್ಟ ಪದ ಬರುತ್ತದೆ ಎಂಬುದರ ಮೇಲೆ ಅರ್ಥ ನಿಂತಿದೆ. ‘ಎನ್‌ಕ್ವೈರ್ ಅಬೌಟ್ ದ ಫೀಸ್’ ಅಂದರೆ ಶುಲ್ಕದ ಬಗ್ಗೆ ವಿಚಾರಿಸುವುದು. ‘ಎನ್‌ಕ್ವೈರ್ ಆಫ್ಟರ್ ಯುವರ್ ಮದರ್’ ಅಂದರೆ ತಾಯಿಯ ಯೋಗಕ್ಷೇಮ ಕೇಳುವುದು. ‘ಇನ್‌ಕ್ವೈರ್ ಇನ್‌ಟು ದ ಮ್ಯಾಟರ್’ ಅಂದರೆ ವಿಷಯದ ಒಳಹೊಕ್ಕು ವಿಚಾರಣೆ ನಡೆಸುವುದು.

‘ಎನ್’ ಇಂದಲೋ ‘ಇನ್’ ಇಂದಲೋ ಎಂಬ ಅನುಮಾನ ಹಲವರಿಗಿದೆ. ಬ್ರಿಟಿಷ್ ರೂಢಿಯಲ್ಲಿ ಸುಮ್ಮನೆ ವಿಚಾರಿಸುವುದಕ್ಕೆ ‘ಎನ್‌ಕ್ವೈರಿ’, ಅಧಿಕೃತ ವಿಚಾರಣೆಗೆ ‘ಇನ್‌ಕ್ವೈರಿ’ ಎಂಬ ಒಲವು ಇದೆ. ಅಮೆರಿಕದಲ್ಲಿ ಎರಡಕ್ಕೂ ‘ಇನ್‌ಕ್ವೈರಿ’ಯೇ. ವಿಚಾರಣಾ ಆಯೋಗಗಳನ್ನು ನೇಮಿಸುವ ನಮ್ಮ 1952ರ ಕಾಯ್ದೆಯ ಹೆಸರಿನಲ್ಲಿ ಇರುವುದು ‘ಇನ್‌ಕ್ವೈರಿ’, ರೈಲು ನಿಲ್ದಾಣದ ಕಿಟಕಿಯ ಮೇಲೆ ಬರೆದಿರುವುದು ‘ಎನ್‌ಕ್ವೈರಿ’. ಕನ್ನಡದಲ್ಲಿ ಎರಡಕ್ಕೂ ‘ವಿಚಾರಣೆ’ ಎಂದೇ ಬರೆಯುತ್ತೇವೆ. ಆದ್ದರಿಂದ ಬಸ್ ನಿಲ್ದಾಣದ ವಿಚಾರಣೆಯನ್ನೂ ಪೊಲೀಸ್ ಠಾಣೆಯ ವಿಚಾರಣೆಯನ್ನೂ ಒಂದೇ ಇಂಗ್ಲಿಷ್ ಪದಕ್ಕೆ ತಿರುಗಿಸಬೇಡಿ. ಪೊಲೀಸರು ಸಾಕ್ಷ್ಯ ಸಂಗ್ರಹಿಸುವುದು ‘ಇನ್ವೆಸ್ಟಿಗೇಶನ್’, ಅದು ತನಿಖೆ. ವ್ಯಕ್ತಿಯನ್ನು ಕೂರಿಸಿಕೊಂಡು ಪ್ರಶ್ನಿಸುವುದು ‘ಕ್ವೆಶ್ಚನಿಂಗ್’. ಬಿಡದೆ, ಒತ್ತಡ ಹಾಕಿ, ಗಂಟೆಗಟ್ಟಲೆ ಪ್ರಶ್ನಿಸುವುದು ‘ಇಂಟರಾಗೇಶನ್’. ನ್ಯಾಯಾಲಯದಲ್ಲಿ ಮೊಕದ್ದಮೆಯ ವಿಚಾರಣೆ ‘ಟ್ರಯಲ್’, ಒಂದು ದಿನದ ಕಲಾಪ ‘ಹಿಯರಿಂಗ್’. ಸುದ್ದಿ ಅನುವಾದಿಸುವವರು ಇಲ್ಲಿ ಎಡವಿದರೆ ಕೇವಲ ಹೇಳಿಕೆ ಕೊಟ್ಟು ಬಂದ ಮನುಷ್ಯ ಓದುಗನ ಕಣ್ಣಲ್ಲಿ ಆರೋಪಿಯಾಗಿಬಿಡುತ್ತಾನೆ. ಇದು ಭಾಷೆಯ ಸಣ್ಣ ತಪ್ಪು ಎಂದು ತಳ್ಳಿಹಾಕುವಂಥದ್ದಲ್ಲ.

‘ಕ್ವೆಶ್ಚನ್’ ಕ್ರಿಯಾಪದವಾದಾಗ ಎರಡು ಮುಖ. ‘ದೇ ಕ್ವೆಶ್ಚನ್ಡ್ ಹಿಮ್’ ಅಂದರೆ ಅವನನ್ನು ವಿಚಾರಿಸಿದರು. ‘ದೇ ಕ್ವೆಶ್ಚನ್ಡ್ ಹಿಸ್ ಆನೆಸ್ಟಿ’ ಅಂದರೆ ಅವನ ಪ್ರಾಮಾಣಿಕತೆಯನ್ನೇ ಶಂಕಿಸಿದರು. ನಮ್ಮ ‘ಪ್ರಶ್ನಿಸು’ ಕೂಡ ಹೀಗೇ ವರ್ತಿಸುತ್ತದೆ. ‘ತೀರ್ಪನ್ನು ಪ್ರಶ್ನಿಸಿ ಹೈಕೋರ್ಟ್ ಮೆಟ್ಟಿಲೇರಿದರು’ ಎಂಬಲ್ಲಿ ಮಾಹಿತಿ ಕೇಳಿದ್ದಲ್ಲ. ಹಾಗಾಗಿ ಮೇಲಧಿಕಾರಿಗೆ ಬರೆಯುವಾಗ ‘ಐ ವಾಂಟ್ ಟು ಕ್ವೆಶ್ಚನ್ ಯುವರ್ ಡಿಸಿಶನ್’ ಎಂದರೆ ಜಗಳಕ್ಕೆ ನಿಂತಂತೆ. ತಿಳಿದುಕೊಳ್ಳುವುದಷ್ಟೇ ಉದ್ದೇಶವಾದರೆ ‘ಐ ಹ್ಯಾವ್ ಎ ಕ್ವೆಶ್ಚನ್ ಅಬೌಟ್ ದ ಡಿಸಿಶನ್’ ಎನ್ನಬೇಕು. ಪದ ಅದೇ, ನಾಮಪದವಾದ ತಕ್ಷಣ ಮೊನಚು ಹೋಯಿತು.

‘ಕ್ವೆರಿ’ಗೆ ಲೆಕ್ಕಪತ್ರದ ವಾಸನೆ ಇದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಗೊತ್ತಿಲ್ಲದ ಕಡಿತ ಕಂಡರೆ ‘ಐ ವುಡ್ ಲೈಕ್ ಟು ಕ್ವೆರಿ ದಿಸ್ ಚಾರ್ಜ್’ ಎನ್ನಬಹುದು. ಇದು ಸರಿಯಿದೆಯೇ ನೋಡಿ ಎಂಬ ಭಾವ, ನೇರ ಆರೋಪವಿಲ್ಲ.

ಡೌಟ್ ಎಂಬ ನಮ್ಮದೇ ಪದ

ತರಗತಿಯಲ್ಲಿ ಕೈಯೆತ್ತಿ ‘ಸರ್, ಐ ಹ್ಯಾವ್ ಎ ಡೌಟ್’ ಎನ್ನುವುದು ಭಾರತದಾದ್ಯಂತ ನಡೆಯುತ್ತದೆ. ಇಲ್ಲಿ ಎಲ್ಲರಿಗೂ ಅರ್ಥವಾಗುವುದರಿಂದ ತಪ್ಪು ಎನ್ನಬೇಕಿಲ್ಲ. ‘ಸಂದೇಹ ಕೇಳು’ ಎಂಬ ನಮ್ಮ ಹಳೆಯ ರೂಢಿ ಇಂಗ್ಲಿಷ್ ತೊಟ್ಟು ಬಂದಿದೆ. ಆದರೆ ಲಂಡನ್ನಿನಲ್ಲೋ ಬೋಸ್ಟನ್ನಿನಲ್ಲೋ ಪಾಠ ಮುಗಿಸಿದ ಪ್ರಾಧ್ಯಾಪಕರಿಗೆ ‘ಐ ಹ್ಯಾವ್ ಎ ಡೌಟ್’ ಎಂದರೆ ‘ನೀವು ಹೇಳಿದ್ದನ್ನು ನಾನು ನಂಬುವುದಿಲ್ಲ’ ಎಂದು ಕೇಳಿಸುತ್ತದೆ. ಅಲ್ಲಿ ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನಿ. ಹೊರದೇಶದ ಗ್ರಾಹಕರ ಜೊತೆ ಫೋನಿನಲ್ಲಿ ಕೆಲಸ ಮಾಡುವ ಬೆಂಗಳೂರಿನವರಿಗೆ ದಿನವೂ ಬೇಕಾಗುವ ಬದಲಾವಣೆ ಇದು.

ಇದಕ್ಕಿಂತ ಅಪಾಯದ ತಿರುವು ಇನ್ನೊಂದಿದೆ. ಕನ್ನಡದ ‘ಅನುಮಾನ’ ಎರಡೂ ಕಡೆ ವಾಲುತ್ತದೆ. ‘ಅವನು ಬರೋದು ಅನುಮಾನ’ ಅಂದರೆ ಬರಲಿಕ್ಕಿಲ್ಲ. ‘ಅವನೇ ಕದ್ದಿರಬೇಕು ಅಂತ ಅನುಮಾನ’ ಅಂದರೆ ಕದ್ದಿರಬಹುದು. ಇಂಗ್ಲಿಷ್‌ನಲ್ಲಿ ಮೊದಲನೆಯದು ‘ಡೌಟ್’, ಎರಡನೆಯದು ‘ಸಸ್ಪೆಕ್ಟ್’. ‘ಐ ಡೌಟ್ ದಟ್ ಹಿ ಸ್ಟೋಲ್ ಇಟ್’ ಎಂದು ಬರೆದರೆ ಅವನು ಕದ್ದಿಲ್ಲವೆಂದೇ ನೀವು ನಂಬಿದ್ದೀರಿ ಎಂದಾಗುತ್ತದೆ. ದೂರು ಬರೆಯುವಾಗ ಈ ಒಂದು ಪದ ಇಡೀ ಅರ್ಥವನ್ನು ತಿರುಗಿಸಿಬಿಡುತ್ತದೆ.

ಹೆಜ್ಜೆ 2: ಹಕ್ಕು ಯಾರ ಕೈಯಲ್ಲಿದೆ?

ವಸ್ತು ಅಥವಾ ಕೆಲಸ ಕೇಳುವ ಪದಗಳು ಬೇರೆಬೇರೆಯಾಗುವುದು ಇಲ್ಲಿ. ಎದುರಿನವರು ‘ಆಗುವುದಿಲ್ಲ’ ಎಂದರೆ ಏನಾಗುತ್ತದೆ ಎಂದು ಯೋಚಿಸಿ. ಏನೂ ಆಗುವುದಿಲ್ಲ, ಸುಮ್ಮನೆ ಇನ್ನೊಬ್ಬರನ್ನು ಕೇಳುತ್ತೇನೆ ಎಂದಾದರೆ ‘ಆಸ್ಕ್’ ಸಾಕು. ಕೊಡುವುದೂ ಬಿಡುವುದೂ ಅವರ ಇಷ್ಟ, ನಾನು ಗೌರವದಿಂದ ಕೇಳುತ್ತಿದ್ದೇನೆ ಎಂದಾದರೆ ‘ರಿಕ್ವೆಸ್ಟ್’. ಒಂದು ನಿಯಮವಿದೆ, ಅರ್ಹತೆ ನೋಡಿ ಅವರು ನಿರ್ಧರಿಸುತ್ತಾರೆ ಎಂದಾದರೆ ‘ಅಪ್ಲೈ’. ಕೊಡಲೇಬೇಕು, ಅದು ನನಗೆ ಸಲ್ಲಬೇಕಾದದ್ದು ಎಂದಾದರೆ ‘ಡಿಮಾಂಡ್’. ನನಗೆ ಹಕ್ಕೂ ಇಲ್ಲ, ಬೇರೆ ದಾರಿಯೂ ಇಲ್ಲ ಎಂದಾದರೆ ‘ಬೆಗ್’.

ಕನ್ನಡದಲ್ಲೂ ಈ ಏಣಿ ಇದೆ, ನಾವು ಗಮನಿಸುವುದಿಲ್ಲ ಅಷ್ಟೆ. ಕೇಳು, ಕೋರು, ವಿನಂತಿಸು, ಬಿನ್ನವಿಸು, ಪ್ರಾರ್ಥಿಸು, ಬೇಡು, ಯಾಚಿಸು, ಗೋಗರೆ, ಅಂಗಲಾಚು. ಇನ್ನೊಂದು ಪಕ್ಕದಲ್ಲಿ ಒತ್ತಾಯಿಸು, ಆಗ್ರಹಿಸು. ಪತ್ರಿಕೆಯವರು ಇದನ್ನು ಚೆನ್ನಾಗಿ ಬಲ್ಲರು. ರೈತರು ತಹಶೀಲ್ದಾರರಿಗೆ ‘ಮನವಿ ಸಲ್ಲಿಸಿದರು’ ಎಂದು ಒಂದು ದಿನ ಬರೆದವರು, ಕೆಲಸ ಆಗದಿದ್ದರೆ ಮುಂದಿನ ವಾರ ‘ಆಗ್ರಹಿಸಿ ಪ್ರತಿಭಟನೆ’ ಎಂದು ಬರೆಯುತ್ತಾರೆ. ಆ ಮೊದಲ ದಿನದ್ದು ‘ಅಪೀಲ್’ ಅಥವಾ ‘ರಿಕ್ವೆಸ್ಟ್’, ಕೈಗೆ ಕೊಟ್ಟ ಕಾಗದ ‘ಮೆಮೊರಾಂಡಮ್’, ಮುಂದಿನ ವಾರದ್ದು ‘ಡಿಮಾಂಡ್’.

ಪದಗಳ ಮೂಲ ನೋಡಿದರೂ ಎರಡು ಭಾಷೆಗಳ ಹೋಲಿಕೆ ಕಾಣುತ್ತದೆ. ‘ಆಸ್ಕ್’ ಅಚ್ಚ ಇಂಗ್ಲಿಷ್ ಪದ. ಚಾಸರ್ ಕವಿಯ ಕಾಲದಲ್ಲಿ ಇದನ್ನು ‘ಆಕ್ಸ್’ ಎಂದೂ ಹೇಳುತ್ತಿದ್ದರು, ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನ ಮತ್ತು ನ್ಯಾಯಾಲಯದ ಭಾಷೆ ಫ್ರೆಂಚ್ ಆಯಿತು. ರಿಕ್ವೆಸ್ಟ್, ಡಿಮಾಂಡ್, ಪ್ಲೀಡ್, ಅಪೀಲ್ ಮುಂತಾದವು ಆ ದಾರಿಯಲ್ಲಿ ಬಂದವು, ಹಾಗಾಗಿ ಅವುಗಳಿಗೆ ಇಂದಿಗೂ ಕಚೇರಿಯ ಧಾಟಿ. ನಮ್ಮಲ್ಲಿ ಕೇಳು, ಬೇಡು ಮನೆಯ ಪದಗಳು. ಪ್ರಾರ್ಥಿಸು, ಯಾಚಿಸು ಸಂಸ್ಕೃತದವು. ಅರ್ಜಿ, ಅಹವಾಲು ಅರಬ್ಬಿ–ಪಾರಸಿಯಿಂದ ಆಡಳಿತದ ಜೊತೆ ಬಂದವು. ಎರಡು ಕಡೆಯೂ ಮನೆಯಲ್ಲಿ ಕೇಳುವುದಕ್ಕೊಂದು ಪದ, ಕಚೇರಿಯಲ್ಲಿ ಕೇಳುವುದಕ್ಕೊಂದು ಪದ.

‘ಡಿಮಾಂಡ್’ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಫ್ರೆಂಚ್ ಭಾಷೆಯಲ್ಲಿ ಇದರ ಮೂಲರೂಪಕ್ಕೆ ಇಂದಿಗೂ ಸುಮ್ಮನೆ ‘ಕೇಳು’ ಎಂದಷ್ಟೇ ಅರ್ಥ. ಇಂಗ್ಲಿಷಿಗೆ ಬಂದ ಮೇಲೆ ಗಟ್ಟಿಯಾಯಿತು. ಕನ್ನಡದ ‘ಬೇಡಿಕೆ’ ಅದಕ್ಕೆ ಪೂರ್ತಿ ಸಮವಲ್ಲ, ಏಕೆಂದರೆ ‘ಬೇಡು’ವಿನಲ್ಲಿ ತಗ್ಗಿದ ತಲೆ ಇದೆ, ‘ಡಿಮಾಂಡ್’ನಲ್ಲಿ ಎತ್ತಿದ ತಲೆ. ಅದಕ್ಕೇ ಸಂಘಟನೆಗಳು ‘ಹಕ್ಕೊತ್ತಾಯ’ ಎಂಬ ಪದವನ್ನು ಬಳಕೆಗೆ ತಂದದ್ದು ಒಳ್ಳೆಯದಾಯಿತು. ಪಾವತಿಸಲೇಬೇಕಾದ ಹಣದ ವಿಷಯದಲ್ಲಿ ‘ಡಿಮಾಂಡ್’ ಒರಟು ಪದವಲ್ಲ, ಸರಿಯಾದ ಪದ. ಚೆಕ್ ಬೌನ್ಸ್ ಆದಾಗ ಅನ್ವಯಿಸುವ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಈ ಪದವನ್ನೇ ಬಳಸಿದೆ: ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ಲಿಖಿತ ನೋಟಿಸ್ ಮೂಲಕ ಹಣಕ್ಕೆ ‘ಡಿಮಾಂಡ್’ ಮಾಡಬೇಕು, ನೋಟಿಸ್ ತಲುಪಿದ ಮೇಲೆ ಕೊಡಬೇಕಾದವರಿಗೆ 15 ದಿನ ಸಮಯ. ಅಂಥ ಕಾಗದವನ್ನು ವಕೀಲರಿಂದಲೇ ಬರೆಸಿ. ಅದರಲ್ಲಿ ವಿನಯದ ಪದ ತುಂಬಿ ಬೇಡಿಕೆಯನ್ನು ಮಸುಕು ಮಾಡುವುದರಿಂದ ನಿಮಗೇನೂ ಲಾಭವಿಲ್ಲ.

ಹಕ್ಕಿದ್ದರೂ ಕಾನೂನು ‘ರಿಕ್ವೆಸ್ಟ್’ ಎಂದಿರುವ ಕಡೆ ಅದನ್ನೇ ಬಳಸಿ. 2005ರ ಮಾಹಿತಿ ಹಕ್ಕು ಕಾಯ್ದೆಯ 6ನೇ ಕಲಂನಲ್ಲಿ ಇರುವುದು ‘ರಿಕ್ವೆಸ್ಟ್’. ಆದರೆ ಅದೇ ಕಲಂ, ಮಾಹಿತಿ ಏಕೆ ಬೇಕೆಂದು ಕಾರಣ ಕೊಡಬೇಕಿಲ್ಲ ಎಂದೂ ಹೇಳುತ್ತದೆ. ಅಲ್ಲಿ ‘ಹಂಬ್ಲಿ’ ಸೇರಿಸಬೇಕಿಲ್ಲ, ಕಷ್ಟಸುಖ ಬರೆಯಬೇಕಿಲ್ಲ. ಯಾವ ದಾಖಲೆ, ಯಾವ ಅವಧಿಯದು, ಪ್ರತಿಯೋ ಪರಿಶೀಲನೆಯೋ ಎಂಬುದಷ್ಟೇ ಬೇಕು. ಉತ್ತರ ಬಾರದಿದ್ದರೆ ಮುಂದಿನದು ‘ಅಪೀಲ್’.

ಈ ‘ಅಪೀಲ್’ಗೆ ಕನ್ನಡದಲ್ಲಿ ಎರಡು ಪದ ಇರುವುದು ನಮ್ಮ ಅನುಕೂಲ. ಜನರ ಕರುಣೆಗೋ ವಿವೇಚನೆಗೋ ಕರೆ ಕೊಟ್ಟರೆ ಮನವಿ. ಕೆಳಗಿನವರ ತೀರ್ಮಾನ ಒಪ್ಪದೆ ಮೇಲಿನವರ ಬಳಿ ಹೋದರೆ ಮೇಲ್ಮನವಿ. ಇಂಗ್ಲಿಷ್‌ನಲ್ಲಿ ಪುಟ್ಟ ಪದ ನೋಡಿ ಗುರುತಿಸಬೇಕು: ‘ಅಪೀಲ್ ಟು ದ ಪಬ್ಲಿಕ್ ಫಾರ್ ಬ್ಲಡ್’ ಮನವಿ, ‘ಅಪೀಲ್ ಅಗೇನ್ಸ್ಟ್ ದಿ ಆರ್ಡರ್’ ಮೇಲ್ಮನವಿ. ಅಮೆರಿಕದವರು ‘ಅಗೇನ್ಸ್ಟ್’ ಬಿಟ್ಟು ‘ಅಪೀಲ್ ದಿ ಆರ್ಡರ್’ ಎನ್ನುತ್ತಾರೆ. ಕ್ರಿಕೆಟ್ಟಿನ ಅಪೀಲಿನಲ್ಲೂ ಇದರ ಜೀವ ಕಾಣುತ್ತದೆ. ನಿಯಮ 31ರ ಪ್ರಕಾರ ಕ್ಷೇತ್ರರಕ್ಷಣೆಯ ತಂಡ ಅಪೀಲ್ ಮಾಡದೆ ಅಂಪೈರ್ ಔಟ್ ಕೊಡುವಂತಿಲ್ಲ. ತೀರ್ಮಾನಿಸುವ ಅಧಿಕಾರ ಇರುವವರ ಮುಂದೆ ನಿಂತು ಕೇಳುವುದು, ಅಷ್ಟೇ. ವಾದ ಮಾಡುವುದು ಅದರಲ್ಲಿಲ್ಲ.

‘ಪ್ಲೀಡ್’ನಲ್ಲಿ ಬಿಡದ ಒತ್ತಡ, ಭಾವ ಎರಡೂ ಇವೆ, ದುಂಬಾಲು ಬೀಳುವುದಕ್ಕೆ ಹತ್ತಿರ. ನ್ಯಾಯಾಲಯದಲ್ಲಿ ‘ಪ್ಲೀಡ್ ಗಿಲ್ಟಿ’ ಎಂಬುದಕ್ಕೆ ಬೇಡುವ ಅರ್ಥವೇ ಇಲ್ಲ, ಅದು ತಪ್ಪೊಪ್ಪಿಗೆ. ‘ಬೆಗ್’ ಅನ್ನು ಇಂದಿನ ಪತ್ರದಲ್ಲಿ ಬಳಸದಿರುವುದು ಕ್ಷೇಮ. ‘ಐ ಬೆಗ್ ಟು ಸ್ಟೇಟ್ ದಟ್’ ಎಂಬುದು ಬ್ರಿಟಿಷ್ ಕಾಲದ ಅರ್ಜಿಗಳ ಪಳೆಯುಳಿಕೆ. ‘ಐ ಬೆಗ್ ಟು ಡಿಫರ್’, ‘ಐ ಬೆಗ್ ಯುವರ್ ಪಾರ್ಡನ್’ ಎಂಬ ಎರಡು ಅಚ್ಚುಗಳಲ್ಲಿ ಮಾತ್ರ ಅದು ಸಹಜವಾಗಿ ಉಳಿದಿದೆ.

‘ಸೀಕ್’ ಬಹಳ ಉಪಯುಕ್ತ, ನಾವು ಕಡಿಮೆ ಬಳಸುತ್ತೇವೆ. ಇದು ನಮ್ಮ ‘ಕೋರು’ವಿಗೆ ತೀರಾ ಹತ್ತಿರ: ಅನುಮತಿ ಕೋರು, ಸಲಹೆ ಕೋರು, ಸ್ಪಷ್ಟನೆ ಕೋರು ಎಲ್ಲಕ್ಕೂ ಸಲ್ಲುತ್ತದೆ. ಭೂತಕಾಲ ‘ಸೀಕ್ಡ್’ ಅಲ್ಲ, ‘ಸಾಟ್’. ಇದರ ಮುಂದೆ ‘ಫಾರ್’ ಹಾಕಬೇಡಿ. ಆದರೆ ‘ಶುಭ ಕೋರು’ ಎಂಬಲ್ಲಿ ‘ಸೀಕ್’ ಬಾರದು, ಅದು ‘ವಿಶ್’.

‘ಸಾಲಿಸಿಟ್’ ನಮ್ಮ ಲಗ್ನಪತ್ರಿಕೆಗಳ ಇಂಗ್ಲಿಷ್ ಬದಿಯಲ್ಲಿ ಮನೆಮಾಡಿಕೊಂಡಿದೆ: ‘ಸಾಲಿಸಿಟ್ ಯುವರ್ ಗ್ರೇಷಿಯಸ್ ಪ್ರೆಸೆನ್ಸ್’. ಕನ್ನಡ ಬದಿಯ ‘ಆಶೀರ್ವದಿಸಬೇಕಾಗಿ ಕೋರುವ’ ಎಂಬುದಕ್ಕೆ ಅದು ಜೋಡಿ. ಊರಲ್ಲಿ ಹಂಚಲು ತೊಂದರೆಯಿಲ್ಲ. ಹೊರದೇಶದ ಸಹೋದ್ಯೋಗಿಗಳಿಗೆ ಕೊಡುವುದಾದರೆ ‘ರಿಕ್ವೆಸ್ಟ್ ದ ಪ್ಲೆಷರ್ ಆಫ್ ಯುವರ್ ಕಂಪನಿ’ ಎಂದು ಬದಲಿಸಿ. ಬ್ರಿಟನ್ನಿನಲ್ಲಿ ‘ಸಾಲಿಸಿಟಿಂಗ್’ ಎಂದರೆ ಬೀದಿಯ ವೇಶ್ಯಾವೃತ್ತಿಗೆ ಸಂಬಂಧಿಸಿದ ಅಪರಾಧದ ಹೆಸರೂ ಹೌದು. ಅಮೆರಿಕದ ಮನೆಬಾಗಿಲುಗಳಲ್ಲಿ ತೂಗುವ ‘ನೋ ಸಾಲಿಸಿಟಿಂಗ್’ ಫಲಕದ ಅರ್ಥ, ಮಾರಾಟಕ್ಕೆ ಬರಬೇಡಿ ಎಂದು.

ಹೆಜ್ಜೆ 3: ಜೋಡಣೆ ಸರಿಯಿದೆಯೇ?

ಪದ ಸರಿಯಾಗಿ ಆರಿಸಿ ಜೋಡಣೆಯಲ್ಲಿ ತಪ್ಪುವವರೇ ಹೆಚ್ಚು. ಪತ್ರ ಕಳುಹಿಸುವ ಮೊದಲು ಈ ಕೆಳಗಿನವನ್ನು ನೋಡಿಕೊಳ್ಳಿ.

- ‘ರಿಕ್ವೆಸ್ಟ್’ ಕ್ರಿಯಾಪದವಾದಾಗ ‘ಫಾರ್’ ಬೇಡ: ‘ಐ ರಿಕ್ವೆಸ್ಟ್ ಟೂ ಡೇಸ್ ಲೀವ್’. ನಾಮಪದವಾದಾಗ ‘ಫಾರ್’ ಬೇಕು: ‘ಮೈ ರಿಕ್ವೆಸ್ಟ್ ಫಾರ್ ಲೀವ್’. ‘ಐ ರಿಕ್ವೆಸ್ಟ್ ಫಾರ್ ಲೀವ್’ ಎಂಬುದು ಇವೆರಡರ ಕಲಸು.
- ‘ಡಿಮಾಂಡ್’ ಮುಂದೆ ವ್ಯಕ್ತಿ ಬರುವುದಿಲ್ಲ. ‘ದೇ ಡಿಮಾಂಡೆಡ್ ದ ಮಿನಿಸ್ಟರ್ ಟು ರಿಸೈನ್’ ತಪ್ಪು. ‘ದೇ ಡಿಮಾಂಡೆಡ್ ದಟ್ ದ ಮಿನಿಸ್ಟರ್ ರಿಸೈನ್’ ಸರಿ. ‘ರಿಸೈನ್ಸ್’ ಅಲ್ಲ, ಸಕಾರವಿಲ್ಲದ ‘ರಿಸೈನ್’. ಯಾರಿಂದ ಎಂದು ಹೇಳಬೇಕಾದರೆ ‘ಡಿಮಾಂಡ್ ಮನಿ ಫ್ರಮ್ ಹಿಮ್’.
- ‘ಅಪ್ಲೈ’ಗೆ ಎರಡು ಕೊಕ್ಕೆ: ಯಾರಿಗೆ ಎಂಬುದಕ್ಕೆ ‘ಟು’, ಯಾವುದಕ್ಕೆ ಎಂಬುದಕ್ಕೆ ‘ಫಾರ್’. ‘ಅಪ್ಲೈ ಲೀವ್’ ಎಂದು ಕಚೇರಿಗಳಲ್ಲಿ ಕೇಳಿಬರುತ್ತದೆ, ಬರವಣಿಗೆಯಲ್ಲಿ ‘ಅಪ್ಲೈ ಫಾರ್ ಲೀವ್’ ಎಂದೇ ಇರಲಿ.
- ‘ಪ್ಲೀಡ್’ ಜೊತೆ ‘ವಿತ್’: ‘ಶಿ ಪ್ಲೀಡೆಡ್ ವಿತ್ ಹಿಮ್ ಟು ಸ್ಟೇ’.
- ‘ರಿಕ್ವೈರ್’ ಕೇಳುವ ಪದವಲ್ಲ, ‘ಬೇಕೇಬೇಕು’ ಎಂಬ ಪದ. ‘ಯೂ ಆರ್ ರಿಕ್ವೈರ್ಡ್ ಟು ಅಟೆಂಡ್’ ಎಂದು ನಿಮಗೆ ಕಾಗದ ಬಂದರೆ ಅದು ಆಹ್ವಾನವಲ್ಲ, ಆದೇಶ.

ಇದರ ಜೊತೆಗೆ ನಮ್ಮ ‘ಅಂತ ಕೇಳಿದ’ ಎಂಬ ರಚನೆಯ ಕಾಟ. ಕನ್ನಡದಲ್ಲಿ ಇನ್ನೊಬ್ಬರ ಪ್ರಶ್ನೆಯನ್ನು ಇದ್ದಂತೆಯೇ ಎತ್ತಿ ‘ಅಂತ’ ಹಚ್ಚಿದರೆ ಆಯಿತು: ‘ಎಲ್ಲಿಗೆ ಹೊರಟಿದ್ದೀಯ ಅಂತ ಕೇಳಿದ’. ಅದೇ ಅಚ್ಚಿನಲ್ಲಿ ‘ಹಿ ಆಸ್ಕ್ಡ್ ದಟ್ ವೇರ್ ಆರ್ ಯೂ ಗೋಯಿಂಗ್’ ಎಂದು ಬರೆದುಬಿಡುತ್ತೇವೆ. ಇಲ್ಲಿ ಮೂರು ರಿಪೇರಿ ಬೇಕು. ‘ದಟ್’ ತೆಗೆಯಿರಿ. ‘ಯೂ’ ಇದ್ದಲ್ಲಿ ‘ಐ’ ತನ್ನಿ, ಕಾಲವನ್ನು ಹಿಂದಕ್ಕೆ ಸರಿಸಿ. ಪ್ರಶ್ನೆಯ ಪದಕ್ರಮ ಬಿಟ್ಟು ಹೇಳಿಕೆಯ ಪದಕ್ರಮ ಹಾಕಿ. ಆಗ ‘ಹಿ ಆಸ್ಕ್ಡ್ ವೇರ್ ಐ ವಾಸ್ ಗೋಯಿಂಗ್’. ಉತ್ತರ ಹೌದು–ಇಲ್ಲ ಆಗುವ ಪ್ರಶ್ನೆಯಾದರೆ ನಡುವೆ ‘ಇಫ್’ ಅಥವಾ ‘ವೆದರ್’ ಬರುತ್ತದೆ: ‘ಶಿ ಆಸ್ಕ್ಡ್ ಇಫ್ ಐ ಹ್ಯಾಡ್ ಈಟನ್’. ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇಲ್ಲ, ಪೂರ್ಣವಿರಾಮ.

ಹೆಜ್ಜೆ 4: ಮೆದು ಮಾಡುವುದು

ನಮ್ಮ ‘ಸ್ವಲ್ಪ’ ಇದೆಯಲ್ಲ, ‘ಸ್ವಲ್ಪ ಪೆನ್ ಕೊಡ್ತೀರಾ?’, ಅದು ಪೆನ್ನಿನ ಅಳತೆಯಲ್ಲ, ಮಾತಿನ ಮೃದುತ್ವ. ಇಂಗ್ಲಿಷ್‌ನಲ್ಲಿ ಆ ಕೆಲಸ ಮಾಡುವುದು ‘ಕುಡ್’, ‘ವುಡ್’ ಮತ್ತು ಪ್ರಶ್ನೆಯ ರೂಪ. ‘ಪ್ಲೀಸ್ ಸೆಂಡ್ ದ ಫೈಲ್’ ಎಂಬುದು ‘ಪ್ಲೀಸ್’ ತೊಟ್ಟ ಆಜ್ಞೆಯೇ. ಸಮಾನರಿಗೆ, ನಿತ್ಯದ ಕೆಲಸಕ್ಕೆ ಅಡ್ಡಿಯಿಲ್ಲ. ಉಪಕಾರ ಕೇಳುವಾಗ ‘ಕುಡ್ ಯೂ ಸೆಂಡ್ ದ ಫೈಲ್?’ ಮೇಲು. ಇನ್ನೂ ದೊಡ್ಡ ಉಪಕಾರವಾದರೆ ‘ವುಡ್ ಇಟ್ ಬಿ ಪಾಸಿಬಲ್ ಟು’. ‘ವುಡ್ ಯೂ ಮೈಂಡ್’ ಎಂದು ಯಾರಾದರೂ ಕೇಳಿದರೆ ಒಪ್ಪಿಗೆಯ ಉತ್ತರ ‘ನೋ, ನಾಟ್ ಅಟ್ ಆಲ್’. ‘ಯೆಸ್’ ಎಂದರೆ ‘ನನಗೆ ತೊಂದರೆಯಿದೆ’ ಎಂದು ಹೇಳಿದಂತಾಗುತ್ತದೆ.

‘ಕೈಂಡ್ಲಿ’ ದಯವಿಟ್ಟು ಎಂಬುದರ ನೇರ ಅನುವಾದ ಎಂದು ನಂಬಿದ್ದೇವೆ. ಇಂಗ್ಲೆಂಡಿನ ಓದುಗರಿಗೆ ಅದು ಬಿಗಿ, ಕೆಲವೊಮ್ಮೆ ಸಿಡುಕು. ‘ಡು ದ ನೀಡ್‌ಫುಲ್’ ಕೂಡ ಬ್ರಿಟಿಷರೇ ಬಿಟ್ಟುಹೋದ ಸರಕು, ಅವರಲ್ಲಿ ಈಗ ಬಳಕೆ ತೀರ ಕಡಿಮೆ. ಅದರ ನಿಜವಾದ ದೋಷ ಹಳತೆಂಬುದಲ್ಲ. ಏನು ಮಾಡಬೇಕೆಂದು ಅದು ಹೇಳುವುದೇ ಇಲ್ಲ. ‘ಅಗತ್ಯ ಕ್ರಮ ಕೈಗೊಳ್ಳಿ’ ಎಂದು ಮುಗಿಸುವ ಬದಲು ಆ ಕ್ರಮ ಯಾವುದೆಂದು ಒಂದು ಸಾಲು ಬರೆಯಿರಿ: ‘ಪ್ಲೀಸ್ ಕರೆಕ್ಟ್ ದ ಡೇಟ್ ಆಫ್ ಬರ್ತ್ ಇನ್ ದ ರಿಜಿಸ್ಟರ್’.

ಪದ ಸಿಗದೆ ಸಮಾನಾರ್ಥಕ ಪದಕೋಶ ತೆರೆಯುವವರಿಗೆ ಒಂದು ಮಾತು. ಸಮಾನಾರ್ಥಕ ಕೋಶ ನೆಂಟರ ಪಟ್ಟಿ ಕೊಡುತ್ತದೆ, ಅವರ ಸ್ವಭಾವ ಹೇಳುವುದಿಲ್ಲ. ಅಲ್ಲಿಂದ ಪದ ಆರಿಸಿದ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಅಥವಾ ಲಾಂಗ್‌ಮನ್ ಸಂಸ್ಥೆಗಳ ಕಲಿಯುವವರ ನಿಘಂಟಿನಲ್ಲಿ ಮತ್ತೆ ನೋಡಿ, ಜಾಲದಲ್ಲಿ ಉಚಿತವಾಗಿವೆ. ಪದದ ಪಕ್ಕದಲ್ಲಿ ಔಪಚಾರಿಕವೇ ಎಂಬ ಗುರುತು, ಮುಂದೆ ಬರುವ ಪುಟ್ಟ ಪದ, ಒಂದೆರಡು ಉದಾಹರಣೆ ವಾಕ್ಯ, ಈ ಮೂರನ್ನೂ ಓದದೆ ಬಳಸಬೇಡಿ.

ಒಂದೇ ವಿಷಯ, ಮೂರು ಕಾಗದ

ಬಾಡಿಗೆ ಮನೆ ಖಾಲಿ ಮಾಡಿದ್ದೀರಿ, ಅಡ್ವಾನ್ಸ್ ವಾಪಸ್ ಬಂದಿಲ್ಲ. ಮೊದಲಿಗೆ, ಬೆಂಗಳೂರಿನ ‘ಅಡ್ವಾನ್ಸ್’ ಇಂಗ್ಲಿಷ್ ಪತ್ರದಲ್ಲಿ ‘ಸೆಕ್ಯೂರಿಟಿ ಡೆಪಾಸಿಟ್’ ಆಗಬೇಕು. ಹೊರಗಿನವರಿಗೆ ‘ಅಡ್ವಾನ್ಸ್’ ಎಂದರೆ ಮುಂಗಡ ಪಾವತಿ, ಅದರಲ್ಲಿ ಮರಳಿ ಬರುವ ಅರ್ಥವಿಲ್ಲ.

ಮೊದಲ ಸಂದೇಶದಲ್ಲಿ ಹಣ ಕೇಳಬೇಡಿ, ಮಾಹಿತಿ ಕೇಳಿ: ‘ಐ ಹ್ಯಾಂಡೆಡ್ ಓವರ್ ದ ಕೀಸ್ ಆನ್ ದ ಫಿಫ್ತ್. ಕುಡ್ ಯೂ ಟೆಲ್ ಮಿ ವೆನ್ ದ ಡೆಪಾಸಿಟ್ ವಿಲ್ ಬಿ ರಿಟರ್ನ್ಡ್?’ ಎದುರಿನವರಿಗೆ ಮರ್ಯಾದೆಯಿಂದ ಉತ್ತರ ಕೊಡಲು ಜಾಗ ಉಳಿಯುತ್ತದೆ. ಬಹಳಷ್ಟು ಪ್ರಕರಣ ಇಲ್ಲೇ ಮುಗಿಯಬಹುದು.

ಎರಡನೆಯದರಲ್ಲಿ ಕೆಲಸ ಕೇಳಿ, ದಿನಾಂಕ ಹಾಕಿ: ‘ಐ ರಿಕ್ವೆಸ್ಟ್ ಯೂ ಟು ಟ್ರಾನ್ಸ್‌ಫರ್ ದ ಬ್ಯಾಲೆನ್ಸ್ ಆಫ್ 60,000 ರುಪೀಸ್ ಬೈ ದ ಟ್ವೆಂಟಿಯತ್.’ ಪೇಂಟಿಂಗ್ ಖರ್ಚು ಕಳೆಯಬೇಕೆಂದು ಒಪ್ಪಿಕೊಂಡಿದ್ದರೆ ಅದನ್ನು ಕಳೆದೇ ಮೊತ್ತ ಬರೆಯಿರಿ. ‘ಅಟ್ ದಿ ಅರ್ಲಿಯೆಸ್ಟ್’ ಎಂದು ಬರೆದರೆ ಗಡುವು ಇಲ್ಲದ ವಿನಂತಿಯಾಗುತ್ತದೆ, ಅದನ್ನು ಯಾರೂ ಮೀರಿದಂತಾಗುವುದೇ ಇಲ್ಲ.

ಮೂರನೆಯದು ‘ಡಿಮಾಂಡ್’. ಅದರಲ್ಲಿ ನಾಲ್ಕು ಅಂಶ ಇರಲೇಬೇಕು: ಮೊತ್ತ, ಅದು ನಿಮಗೆ ಸಲ್ಲಬೇಕೆನ್ನುವ ಕರಾರುಪತ್ರದ ದಿನಾಂಕ ಮತ್ತು ಷರತ್ತು, ಗಡುವು, ಗಡುವು ಮೀರಿದರೆ ನೀವಿಡುವ ಮುಂದಿನ ಹೆಜ್ಜೆ. ‘ಐ ಡಿಮಾಂಡ್ ರಿಪೇಮೆಂಟ್ ಆಫ್ 60,000 ರುಪೀಸ್ ವಿದಿನ್ 15 ಡೇಸ್ ಆಫ್ ರಿಸೀವಿಂಗ್ ದಿಸ್ ಲೆಟರ್.’ ಇಲ್ಲಿ ‘ಹಂಬ್ಲಿ’, ‘ಕೈಂಡ್ಲಿ’ ಎರಡನ್ನೂ ಹೊಡೆದುಹಾಕಿ. ಬೈಗುಳವೂ ಬೇಡ, ‘ಚೀಟ್’ ಎಂಬ ಪದವಂತೂ ಬೇಡವೇ ಬೇಡ. ಅದು ಆರೋಪ, ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಹಿಂದಿನ ಎರಡು ಸಂದೇಶಗಳ ದಿನಾಂಕ ನಮೂದಿಸಿ, ತಲುಪಿದ್ದಕ್ಕೆ ಪುರಾವೆ ಸಿಗುವ ಅಂಚೆಯಲ್ಲಿ ಕಳುಹಿಸಿ, ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ.